ಮರುಪ್ರಯೋಗದ ಮೊದಲ ನಾಲ್ಕು ಸಂಜೆ

ನಾಟಕಕ್ಕೆ ಬಂದವರು ರಂಗ ನೋಡುತ್ತಾರೆ, ವಾದ್ಯಮೇಳದಲ್ಲಿ ಕೂತವರಿಗೆ ಜನ ಕಾಣುತ್ತಾರೆ. ಕೆಲವು ವರ್ಷಗಳ ಹಿಂದೆ ಮೈಸೂರಿನ ಹವ್ಯಾಸಿ ತಂಡವೊಂದು ವೃತ್ತಿ ನಾಟಕ ಕಂಪನಿಗಳ ಕಾಲದ ಹಾಡುನಾಟಕವೊಂದನ್ನು ಮತ್ತೆ ಕಟ್ಟಿತು. ರಂಗದ ಬಲಮೂಲೆಯಲ್ಲಿ, ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲಿ, ತಾಳ ಹಿಡಿದು ನಾನು ಕೂತಿದ್ದೆ. ಮೊದಲ ಸಂಜೆ ನಾಯಕಿಯ ಮೊದಲ ಹಾಡು ಮುಗಿಯಿತು. ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದ ಹಿರಿಯರೊಬ್ಬರು ಪಕ್ಕದವರ ಕಡೆ ವಾಲಿ, ನಮಗೂ ಕೇಳುವಷ್ಟು ಗಟ್ಟಿಯಾಗಿ, "ಮಟ್ಟು ಕೆಡಿಸಿಬಿಟ್ರು ಕಣ್ರೀ" ಅಂದರು. ಅವರಿಗಿಂತ ಮೂರು ಸಾಲು ಹಿಂದೆ ಕಾಲೇಜು ಹುಡುಗಿಯೊಬ್ಬಳು ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮೇಷ್ಟ್ರು ಆ ಹಾಡಿನ ಮಟ್ಟಿನಲ್ಲಿ, ಅಂದರೆ ಧಾಟಿಯಲ್ಲಿ, ಒಂದು ಸ್ವರವನ್ನೂ ಬದಲಿಸಿರಲಿಲ್ಲ. ರಾಗ ಅದೇ, ತಾಳ ಅದೇ, ಸಾಹಿತ್ಯವೂ ಅದೇ. ಹಾರ್ಮೋನಿಯಂನ ಐದು ಮನೆ ಶ್ರುತಿಯಲ್ಲಿ (ಮನೆ ಏರಿದಷ್ಟೂ ದನಿ ಏರುತ್ತದೆ) ಹಾಡುತ್ತಿದ್ದ ಹಾಡನ್ನು ನಮ್ಮ ಹುಡುಗಿಯ ಗಂಟಲಿಗಾಗಿ ನಾಲ್ಕಕ್ಕೆ ಇಳಿಸಿದ್ದೆವು, ಅಷ್ಟೇ. ಹಿರಿಯರ ಕಿವಿಗೆ ತಪ್ಪು ಗೊತ್ತಾಗಿತ್ತು, ಅದರ ಹೆಸರು ಗೊತ್ತಾಗಿರಲಿಲ್ಲ. ಹಳೆಯ ಸಂಗೀತನಾಟಕ ಮತ್ತೆ ರಂಗಕ್ಕೆ ಬಂದಾಗ ಮೊದಲ ಕೆಲವು ಪ್ರದರ್ಶನಗಳಲ್ಲಿ ಜನ ಆಡುವ ಮಾತು ಬಹುಮಟ್ಟಿಗೆ ಹೀಗೇ ಇರುತ್ತದೆ. ಆ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ಹೊಸ ನಾಟಕಕ್ಕೆ ಬರುವ ಪ್ರೇಕ್ಷಕ ಖಾಲಿ ಕಿವಿಯಲ್ಲಿ ಬರುತ್ತಾನೆ. ಮರುಪ್ರಯೋಗಕ್ಕೆ ಬರುವವರಲ್ಲಿ ಅರ್ಧದಷ್ಟು ಜನ ಕಿವಿಯಲ್ಲೊಂದು ಹಾಡು ಇಟ್ಟುಕೊಂಡೇ ಬಂದಿರುತ್ತಾರೆ. ಮೈಸೂರಿನಲ್ಲಂತೂ ಇದು ಹೆಚ್ಚು. 1880ರ ದಶಕದ ಆರಂಭದಲ್ಲೇ ಇಲ್ಲಿ ಅರಮನೆಯ ಆಸರೆಯಲ್ಲಿ ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭಾ ಹುಟ್ಟಿ, ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲ ರಂಗಕ್ಕೆ ಬಂದಿತ್ತು. ಆಮೇಲೆ ವರದಾಚಾರ್ಯರ ರತ್ನಾವಳಿ ಕಂಪನಿ ಬಂತು. ಊರೂರು ಸುತ್ತುತ್ತಿದ್ದ ಗುಬ್ಬಿ ಕಂಪನಿಯ 'ಸದಾರಮೆ'ಯಲ್ಲಿ ವೀರಣ್ಣನವರ ಕಳ್ಳನ ಪಾತ್ರವನ್ನು ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅಜ್ಜ ನೋಡಿದ್ದು, ಅಪ್ಪ ಗುನುಗಿದ್ದು, ಮಗ ಕೇಳಿಸಿಕೊಂಡದ್ದು ಅಂತ ಆ ಹಾಡುಗಳು ಮನೆಯೊಳಗೇ ಉಳಿದುಕೊಂಡವು.

ಆದರೆ ಹಾಗೆ ಉಳಿದದ್ದು ರಂಗದ ಮೇಲೆ ನಿಜವಾಗಿ ಹಾಡಿದ್ದೇ ಏನು? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕಂಪನಿಯ ದೊಡ್ಡ ನಟ ಒಂದು ಹಾಡನ್ನು ಆಲಾಪ ಸೇರಿಸಿ, ಒನ್ಸ್ ಮೋರ್ ಬಿದ್ದರೆ ಮತ್ತೆ ಎತ್ತಿಕೊಂಡು, ಮನಸ್ಸು ಬಂದಷ್ಟು ಹೊತ್ತು ಹಾಡುತ್ತಿದ್ದ. ಅದೇ ಹಾಡು ಗ್ರಾಮಫೋನ್ ಪ್ಲೇಟಿಗೆ ಹೋದಾಗ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು ಮೂರೂವರೆ ನಿಮಿಷ ಮಾತ್ರ. ಆಲಾಪ ಕತ್ತರಿಸಬೇಕು, ಚರಣ ಬಿಡಬೇಕು, ಲಯ ಓಡಿಸಬೇಕು. ಪ್ಲೇಟು ತುಸು ಜೋರಾಗಿ ತಿರುಗಿದರೆ ಶ್ರುತಿಯೂ ಏರುತ್ತದೆ. ನಾಟಕ ನೋಡದವರ ಮನೆಗೂ ಆ ಪ್ಲೇಟು ಹೋಯಿತು. ಮುಂದೆ ರೇಡಿಯೋ ಬಂತು. 1935ರಲ್ಲಿ ಮೈಸೂರಿನಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಶುರುಮಾಡಿದ್ದು, ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದಲೇ ಚಲಾವಣೆಗೆ ಬಂದದ್ದು ಈ ಊರಿನವರಿಗೆಲ್ಲ ಗೊತ್ತು. ಹೀಗಾಗಿ ಇವತ್ತು ಎಂಬತ್ತು ದಾಟಿದವರು "ಮೂಲ" ಅನ್ನುವುದು ಅನೇಕ ಸಲ ಪ್ಲೇಟಿನ ಹಾಡು: ಓಡುವ ಲಯದ್ದು, ಏರಿದ ಶ್ರುತಿಯದ್ದು, ಮೂರು ನಿಮಿಷದ್ದು. ರಂಗದ ಮೇಲೆ ನಟ ಉಸಿರು ತೆಗೆದುಕೊಂಡು, ಕಣ್ಣು ಹಾಯಿಸಿ, ನಿಧಾನವಾಗಿ ಹಾಡಿದರೆ ಅವರಿಗೆ "ಎಳೀತಿದ್ದಾರೆ" ಅನ್ನಿಸುತ್ತದೆ. ಅವರ ನೆನಪನ್ನು ನಾನು ಕೀಳಾಗಿ ಕಾಣುತ್ತಿಲ್ಲ. ಆ ನೆನಪು ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಅದು ಹೇಳುವ ದೂರು ಸರಿಯಾಗಿ ಅರ್ಥವಾಗುತ್ತದೆ.

ಶ್ರುತಿಯ ಮಾತಿಗೆ ಬರೋಣ. ಮೈಕು ಇಲ್ಲದ ಕಾಲದಲ್ಲಿ ತಗಡಿನ ಶೀಟು ಹೊದಿಸಿದ ಥಿಯೇಟರಿನ ಕೊನೆಯ ಬೆಂಚಿಗೆ ಸಾಹಿತ್ಯ ಮುಟ್ಟಬೇಕಾದರೆ ಗಂಟಲು ಮೇಲಕ್ಕೇ ಏರಬೇಕಿತ್ತು. ಏರಿದ ಗಂಟಲಲ್ಲಿ ಒಂದು ಬಿಗಿ ಇರುತ್ತದೆ. ಕೇಳುವವರಿಗೆ ಆ ಬಿಗಿಯೇ ಭಾವವಾಗಿ ಮುಟ್ಟುತ್ತಿತ್ತು. ತಾರಸ್ಥಾಯಿಯ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಗೆ, ನಟ ಕೈ ಎತ್ತಿ ನಿಂತಾಗ, ಮುಟ್ಟುತ್ತಾನೋ ಇಲ್ಲವೋ ಅಂತ ಸಾವಿರ ಜನ ಉಸಿರು ಹಿಡಿಯುತ್ತಿದ್ದರು. ಇವತ್ತು ಕೆನ್ನೆಗೆ ಅಂಟಿಸಿದ ಮೈಕಿನ ಮುಂದೆ ಒಂದು ಮನೆ ಇಳಿಸಿ ಹಾಡಿದರೆ ಸ್ವರವೆಲ್ಲ ಶುದ್ಧವಾಗಿ ಬರುತ್ತದೆ, ಆ ಸಾಹಸ ಮಾತ್ರ ಇರುವುದಿಲ್ಲ. ಇನ್ನೊಂದು ಕಡೆ, ಇಳಿದ ಶ್ರುತಿಯಲ್ಲಿ ಮಾತು ಮೆತ್ತಗಾಗುತ್ತದೆ, ಅಳು ಅಳುವಿನ ಹಾಗೆ ಕೇಳುತ್ತದೆ. ಕಣ್ಣೊರೆಸಿಕೊಂಡ ಹುಡುಗಿಗೆ ದಕ್ಕಿದ್ದು ಇದು. ಒಂದೇ ಬದಲಾವಣೆ ಒಬ್ಬರಿಂದ ಕಿತ್ತುಕೊಂಡದ್ದನ್ನು ಇನ್ನೊಬ್ಬರಿಗೆ ಕೊಟ್ಟಿತ್ತು. ಮೊದಲ ಸಂಜೆಯ ಪ್ರತಿಕ್ರಿಯೆ ಎರಡು ಹೋಳಾಗುವುದಕ್ಕೆ ಇಂಥ ಸಣ್ಣ, ಕೈಯಲ್ಲಿ ಹಿಡಿದು ತೋರಿಸಬಹುದಾದ ಕಾರಣಗಳಿರುತ್ತವೆ. ತಲೆಮಾರಿನ ಅಂತರ ಅಂತ ದೊಡ್ಡ ಮಾತಾಡಿ ಮುಂದೆ ಹೋದರೆ ಆ ಕಾರಣ ಕೈಗೆ ಸಿಗುವುದಿಲ್ಲ.

ಒನ್ಸ್ ಮೋರ್ ಇನ್ನೊಂದು. ಸತ್ತು ಬಿದ್ದ ಪಾತ್ರ ಎದ್ದು ನಿಂತು ಮತ್ತೆ ಹಾಡಿ ಮತ್ತೆ ಸತ್ತ ಕಥೆಗಳನ್ನು ಕಂಪನಿಯವರು ಎಲ್ಲ ಕಡೆ ಹೇಳುತ್ತಾರೆ. ಕೇಳಲು ನಗು ಬರುವ ಕಥೆ, ಆದರೆ ಅದರ ಹಿಂದೆ ಒಂದು ವ್ಯವಸ್ಥೆ ಇತ್ತು. ಜನ ನಾಟಕದ ಓಟವನ್ನು ನಿಲ್ಲಿಸಬಹುದಿತ್ತು, ಹಿಂದಕ್ಕೆ ತಿರುಗಿಸಬಹುದಿತ್ತು. ಈಗಿನ ಪ್ರಯೋಗದಲ್ಲಿ ಬೆಳಕು, ಧ್ವನಿ, ಮೇಳದ ಎತ್ತುಗಡೆ ಎಲ್ಲವೂ ಒಂದಕ್ಕೊಂದು ಗಂಟುಹಾಕಿಕೊಂಡಿರುತ್ತವೆ. ಹಾಡು ಮುಗಿದ ಕೂಡಲೇ ಲೈಟು ಇಳಿಯುತ್ತದೆ, ಮುಂದಿನ ಸೀನು ಶುರುವಾಗುತ್ತದೆ. ಹಿಂದಿನ ಸಾಲಿನಿಂದ "ಒನ್ಸ್ ಮೋರ್" ಅಂತ ಕೂಗು ಬಿದ್ದರೆ ನಟಿ ವಿಂಗಿನ ಕಡೆ ನೋಡುತ್ತಾಳೆ, ನಿರ್ದೇಶಕ ಕೈ ಆಡಿಸುತ್ತಾನೆ, ನಾಟಕ ಮುಂದೆ ಹೋಗುತ್ತದೆ. ಕೂಗಿದವನಿಗೆ ಬಾಗಿಲು ಮುಚ್ಚಿದ ಹಾಗಾಗುತ್ತದೆ. ನಮ್ಮ ಎರಡನೇ ಸಂಜೆ ಹೀಗೇ ಆಯಿತು. ಆಮೇಲಿನ ಎರಡು ಹಾಡುಗಳಿಗೆ ಚಪ್ಪಾಳೆ ಸಣ್ಣಗಾದದ್ದನ್ನು ನಾನು ಮೇಳದಿಂದ ಕಂಡೆ. ಆ ಹಾಡುಗಳಲ್ಲಿ ಯಾವ ಕೊರತೆಯೂ ಇರಲಿಲ್ಲ. ಜನ ತಮ್ಮ ಪಾಲಿನ ಕೆಲಸವನ್ನು ಕೈಬಿಟ್ಟಿದ್ದರು. ಮೂರನೇ ಸಂಜೆಗೆ ನಿರ್ದೇಶಕರು ಒಂದೇ ಒಂದು ಹಾಡಿಗೆ ಜಾಗ ಬಿಟ್ಟರು: ಕೂಗು ಬಂದರೆ ಪಲ್ಲವಿ ಮಾತ್ರ ಇನ್ನೊಮ್ಮೆ, ಬೆಳಕು ಹಾಗೇ ಇರಲಿ ಅಂತ. ಒಂದೇ ಕಡೆ ಬಿಟ್ಟ ಆ ಸಡಿಲಕ್ಕೆ ಇಡೀ ಸಭಾಂಗಣದ ಉಸಿರಾಟವೇ ಬದಲಾಯಿತು.

ಈ ತಿದ್ದುವ ಕೆಲಸವನ್ನು ನ್ಯೂಯಾರ್ಕಿನ ರಂಗಮಂದಿರಗಳ ಪ್ರದೇಶವಾದ ಬ್ರಾಡ್‌ವೇಯವರು ಒಂದು ಪದ್ಧತಿಯನ್ನಾಗಿಯೇ ಇಟ್ಟುಕೊಂಡಿದ್ದಾರೆ. ಅಧಿಕೃತ ಉದ್ಘಾಟನೆಗೆ ಮುಂಚೆ ಕೆಲವು ವಾರ ಜನ ಟಿಕೆಟ್ ಕೊಂಡು ಬಂದು ನೋಡುವ ಪ್ರದರ್ಶನಗಳಿರುತ್ತವೆ. ಅದಕ್ಕೆ ಪ್ರಿವ್ಯೂ ಅನ್ನುತ್ತಾರೆ. ಹಗಲು ತಾಲೀಮು, ರಾತ್ರಿ ಪ್ರದರ್ಶನ. ಹಿಂದಿನ ರಾತ್ರಿ ಜನ ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು ಅನ್ನುವುದನ್ನು ನೋಡಿಕೊಂಡು ಮರುದಿನ ಮಾತು ಕತ್ತರಿಸುವುದು, ಹಾಡಿನ ಜಾಗ ಬದಲಿಸುವುದು ನಡೆಯುತ್ತದೆ. ಒಂದು ದಿನ ಇನ್ನು ಮುಟ್ಟಬಾರದು ಅಂತ ಗಟ್ಟಿಮಾಡುತ್ತಾರೆ. ವಿಮರ್ಶಕರನ್ನು ಕರೆಯುವುದು ಆಮೇಲೆ. 'ಮೈ ಫೇರ್ ಲೇಡಿ' ಹಾಡುನಾಟಕದ 2018ರ ಮರುಪ್ರಯೋಗ ಮಾರ್ಚ್ 15ಕ್ಕೆ ಜನರೆದುರು ಬಂದರೂ ಉದ್ಘಾಟನೆ ಆದದ್ದು ಏಪ್ರಿಲ್ 19ಕ್ಕೆ. ಅಂದರೆ ಐದು ವಾರ. ಆ ಪ್ರಯೋಗದಲ್ಲಿ ನಿರ್ದೇಶಕ ಬಾರ್ಟ್‌ಲೆಟ್ ಶೇರ್ ಕೊನೆಯನ್ನು ತಿರುಗಿಸಿದ್ದರು. 1956ರ ಮೂಲದಲ್ಲಿ ನಾಯಕಿ ಎಲೈಜಾ ತನಗೆ ಮಾತು ಕಲಿಸಿದ ಪ್ರೊಫೆಸರನ ಬಳಿ ಮರಳಿ ಬರುವಲ್ಲಿಗೆ ಆಟ ಮುಗಿಯುತ್ತಿತ್ತು. ಇಲ್ಲಿ ಅವಳು ಅವನನ್ನು ಬಿಟ್ಟು ನಡೆದುಬಿಡುತ್ತಾಳೆ. 'ಒಕ್ಲಹೋಮ' 1943ರ ಹಾಡುನಾಟಕ. ಅದರ 2019ರ ಪ್ರಯೋಗದಲ್ಲಿ ಮೂಲದ ದೊಡ್ಡ ವಾದ್ಯವೃಂದವನ್ನು ಏಳು ಜನರ ಹಳ್ಳಿ ಬ್ಯಾಂಡಿಗೆ ಇಳಿಸಿದ್ದರು. ಹಾಡುಗಳ ಒಂದು ಪದವನ್ನೂ ಬದಲಿಸಿರಲಿಲ್ಲ, ಆದರೂ ಕೆಲವರಿಗೆ ಅದು ಬೇರೆಯೇ ನಾಟಕವಾಗಿ ಕಂಡಿತು. ನಮ್ಮ ಹಿರಿಯರು "ಮಟ್ಟು ಕೆಡಿಸಿದರು" ಅಂದದ್ದು ಅಲ್ಲಿಯ ಜನರಿಗೂ ಅರ್ಥವಾಗುವ ಮಾತು.

ನಮ್ಮಲ್ಲಿ ಐದು ವಾರ ಎಲ್ಲಿಂದ ಬರಬೇಕು? ಸಭಾಂಗಣದ ಬಾಡಿಗೆ, ಲೈಟಿನವರ ಬಾಡಿಗೆ, ನಟರೆಲ್ಲ ಹಗಲು ಬೇರೆ ಕೆಲಸದವರು. ಹವ್ಯಾಸಿ ತಂಡಕ್ಕೆ ಒಟ್ಟು ನಾಲ್ಕು ಪ್ರದರ್ಶನ ಸಿಕ್ಕರೆ ಅದೇ ಹಬ್ಬ. ಹಾಗಾಗಿ ನಮ್ಮಲ್ಲಿ ಮೊದಲ ಪ್ರದರ್ಶನವೇ ಪ್ರಿವ್ಯೂ, ಅದೇ ಉದ್ಘಾಟನೆ, ಪತ್ರಿಕೆಯವರು ಬಂದು ಬರೆಯುವುದೂ ಅದನ್ನೇ ನೋಡಿ. ಇನ್ನೂ ಬೇಯುತ್ತಿರುವ ಅನ್ನದ ಅಗುಳು ಹಿಸುಕಿ ನೋಡಿ ಊಟದ ಬಗ್ಗೆ ಬರೆದ ಹಾಗೆ ಇದು, ಮತ್ತು ಇದರಿಂದ ಒಳ್ಳೆಯ ಪ್ರಯೋಗಗಳಿಗೆ ಪೆಟ್ಟು ಬಿದ್ದಿದೆ ಅಂತ ನನಗೆ ನಿಜವಾಗಿ ಬೇಸರವಿದೆ. ಈ ವಿಷಯದಲ್ಲಿ ಮೈಸೂರಿನ ರಂಗಾಯಣಕ್ಕೆ ಒಂದು ಅನುಕೂಲವಿದೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ಈ ರೆಪರ್ಟರಿಗೆ, ಅಂದರೆ ಕಾಯಂ ನಾಟಕ ತಂಡಕ್ಕೆ, ತನ್ನದೇ ಕಲಾವಿದರು, ತನ್ನದೇ ಭೂಮಿಗೀತ ರಂಗಮಂದಿರ ಇವೆ. ವಾರಾಂತ್ಯದಲ್ಲಿ ಒಂದೇ ನಾಟಕವನ್ನು ಮತ್ತೆ ಮತ್ತೆ ಆಡುತ್ತಾ ಹೋದರೆ ಮೊದಲ ಭಾನುವಾರಕ್ಕೂ ಐದನೇ ಭಾನುವಾರಕ್ಕೂ ಆಗುವ ವ್ಯತ್ಯಾಸವನ್ನು ಎರಡು ಸಲ ನೋಡಿದವರು ಮಾತ್ರ ಬಲ್ಲರು.

ಕಾರಂತರ ಹೆಸರು ಬಂದದ್ದರಿಂದ ಒಂದು ಮಾತು. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿ ಆ ಹಾಡುಗಳನ್ನು ಒಳಗಿನಿಂದ ಕೇಳಿದ್ದವರು ಅವರು. ಮೇಲುಕೋಟೆಯ ಪು.ತಿ.ನರಸಿಂಹಾಚಾರ್ಯರ ಗೀತನಾಟಕ 'ಗೋಕುಲ ನಿರ್ಗಮನ'ವನ್ನು ಅವರು ರಂಗಕ್ಕೆ ತಂದರು. ಓದುವವರ ಪಾಲಿಗಿದ್ದ ಕಾವ್ಯ ಕೇಳುವವರ ಪಾಲಿಗೂ ಬಂತು. ಇವತ್ತು ಯಾರಾದರೂ ಅದನ್ನು ಹೊಸ ಸಂಗೀತದಲ್ಲಿ ಆಡಿದರೆ ಪು.ತಿ.ನ. ಅವರ ಪದಗಳ ಜೊತೆಗೆ ಕಾರಂತರ ಮಟ್ಟನ್ನೂ ಜನ ಹುಡುಕುತ್ತಾರೆ. ಒಂದು ಕಾಲದ ಹೊಸತು ಇನ್ನೊಂದು ಕಾಲಕ್ಕೆ ಮೂಲವಾಗಿ ಕೂತಿರುತ್ತದೆ.

ಮಂಡ್ಯದ ಕಡೆ ಹೋದರೆ ಲೆಕ್ಕವೇ ಬೇರೆ. ಮದ್ದೂರು, ಪಾಂಡವಪುರ, ನಾಗಮಂಗಲದ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡುವುದು ನಿಂತಿದ್ದು ಯಾವಾಗ, ಮತ್ತೆ ಶುರುವಾಗಿದ್ದು ಯಾವಾಗ ಅಂತ ಕೇಳುವಂತಿಲ್ಲ, ಅದು ನಿಂತೇ ಇಲ್ಲ. ಪಾರ್ಟು ಮಾಡುವವರೇ ದುಡ್ಡು ಹಾಕಿಕೊಳ್ಳುತ್ತಾರೆ. ಡ್ರಾಮಾ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸ್ ಮಾಡುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತದೆ. ಇಷ್ಟೆಲ್ಲ ಒಂದೇ ಒಂದು ರಾತ್ರಿಗೆ. ಅಲ್ಲಿ ಮೊದಲ ಪ್ರದರ್ಶನವೇ ಕೊನೆಯದು, ತಿದ್ದಿಕೊಳ್ಳಲು ಎರಡನೇ ಸಂಜೆ ಇಲ್ಲ. ನೋಡುವವರಿಗೆ ಕಂದ, ಸೀಸ, ವೃತ್ತದ ಪದ್ಯಗಳೆಲ್ಲ ಬಾಯಿಪಾಠ. ಮಾತು ಬದಲಿಸಿದರೆ ಕೂತಲ್ಲಿಂದಲೇ ತಿದ್ದುತ್ತಾರೆ.

ಮದ್ದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ರಾತ್ರಿ ಒಂದೂವರೆ ದಾಟಿತ್ತು. ಮೊದಲ ಸಲ ಕೃಷ್ಣನ ಪಾರ್ಟು ಹಾಕಿದ್ದ ಹುಡುಗ ಕಿರೀಟದ ಭಾರಕ್ಕೋ ಭಯಕ್ಕೋ ಹಾಡಿನ ಎತ್ತುಗಡೆ ಮರೆತ. ಮೇಷ್ಟ್ರು ಕಾಲು ಹಾರ್ಮೋನಿಯಂ ತುಳಿಯುತ್ತಾ ಷಡ್ಜವನ್ನು ಬಿಡದೆ ಹಿಡಿದರು. ಅವನಿಗೆ ಸಿಗಲಿಲ್ಲ. ಪಂಚಮ ಸೇರಿಸಿದರು, ಆಗಲೂ ಇಲ್ಲ. ಅಷ್ಟರಲ್ಲಿ ಚಾಪೆ ಮೇಲೆ ಮೊಮ್ಮಗುವನ್ನು ಮಲಗಿಸಿಕೊಂಡು ಕೂತಿದ್ದ ಹೆಂಗಸೊಬ್ಬರು ಮೊದಲ ಅರ್ಧ ಸಾಲನ್ನು ಮೆಲ್ಲಗೆ ಹಾಡಿದರು. ಪಕ್ಕದವರು ಸೇರಿಸಿದರು. ಹತ್ತಿಪ್ಪತ್ತು ಜನರ ದನಿ ಒಟ್ಟಾಗುವ ಹೊತ್ತಿಗೆ ಹುಡುಗ ಅದನ್ನು ಹಿಡಿದುಕೊಂಡು ಮೇಲಕ್ಕೆ ಹೋದ. ಜನ ತಟ್ಟನೆ ಸುಮ್ಮನಾಗಿ ಹಾಡನ್ನು ಅವನಿಗೇ ಬಿಟ್ಟುಕೊಟ್ಟರು. ಆ ಸುಮ್ಮನಾದದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಹಾಡು ಮುಗಿದ ಮೇಲೆ ಯಾರೋ ರಂಗದ ಮೇಲೇ ಹತ್ತಿ ಹೂವಿನ ಹಾರ ಹಾಕಿ ಹೋದರು. ಇದನ್ನು ಪ್ರತಿಕ್ರಿಯೆ ಅನ್ನುವುದೂ ಕಷ್ಟ. ಜನ ಅಲ್ಲಿ ನಾಟಕದ ಒಳಗೇ ಇದ್ದರು. ನಗರದ ಸಭಾಂಗಣದಲ್ಲಿ ಒನ್ಸ್ ಮೋರ್ ಕೂಗುವವನು ಕೇಳುತ್ತಿರುವುದೂ ಈ ಜಾಗವನ್ನೇ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಮೊದಲ ಸಂಜೆಗಳಲ್ಲಿ ಯಾವುದನ್ನು ನಂಬಬೇಕು? ಮೊದಲ ದಿನದ ಚಪ್ಪಾಳೆಯನ್ನು ಹೆಚ್ಚು ನಂಬಬಾರದು. ಅಂದು ಬಂದವರಲ್ಲಿ ನಟರ ಮನೆಯವರು, ಗೆಳೆಯರು, ಇತರ ತಂಡದವರೇ ಹೆಚ್ಚು. ಪ್ರೀತಿಯಿಂದ ತಟ್ಟುತ್ತಾರೆ, ಅದು ಬೇಕು ಕೂಡ, ಆದರೆ ಅದರಿಂದ ತಿಳಿಯುವುದು ಕಡಿಮೆ. ಎರಡನೇ ದಿನ ನಟರು ದಣಿದಿರುತ್ತಾರೆ, ಲಯ ಜೋಲುತ್ತದೆ. ಟಿಕೆಟ್ ಕೊಂಡು, ಯಾರ ಪರಿಚಯವೂ ಇಲ್ಲದೆ ಬಂದವರ ಸಂಖ್ಯೆ ಹೆಚ್ಚುವುದು ಮೂರನೇ ದಿನದಿಂದ. ಕೆಮ್ಮು ಎಲ್ಲಿ ಏಳುತ್ತದೆ ಅಂತ ಗಮನಿಸಬೇಕು. ಒಬ್ಬರು ಕೆಮ್ಮಿದರೆ ಗಂಟಲು ಕೆಟ್ಟಿದೆ, ಆರು ಜನ ಒಟ್ಟಿಗೆ ಕೆಮ್ಮಿದರೆ ಸೀನು ಉದ್ದವಾಗಿದೆ. ಮಡಿಲಲ್ಲಿ ಮೊಬೈಲಿನ ಬೆಳಕು ಹೊತ್ತಿಕೊಳ್ಳುವ ಜಾಗವೂ ಹಾಗೇ. ರಂಗದ ಮೂಲೆಯಿಂದ ನೋಡಿದರೆ ಕತ್ತಲಲ್ಲಿ ಒಂದೊಂದೇ ಮುಖ ನೀಲಿಯಾಗುವುದು ಕಾಣುತ್ತದೆ, ಮೂರೂ ದಿನ ಅದೇ ಮಾತಿನ ಹತ್ತಿರ. ಒಂಬತ್ತರ ಹೊತ್ತಿಗೆ ಎದ್ದು ಹೋಗುವವರನ್ನು ಮಾತ್ರ ತಪ್ಪು ತಿಳಿಯಬಾರದು. ಅವರಲ್ಲಿ ಬಹಳ ಜನಕ್ಕೆ ಬಸ್ಸು ಹಿಡಿಯಬೇಕಿರುತ್ತದೆ. ಬಾಗಿಲ ಹತ್ತಿರ ನಿಂತು ಒಂದು ನಿಮಿಷ ತಿರುಗಿ ನೋಡಿ ಹೋದರೆ ಅದು ಬೇಜಾರಲ್ಲ.

ತಪ್ಪು ಜಾಗದಲ್ಲಿ ನಗು ಬರುವುದು ಹೆಚ್ಚು ಸೂಕ್ಷ್ಮ. ಕಂಪನಿ ನಾಟಕದ ಮಾತು ಪ್ರಾಸಬದ್ಧ. ದುಃಖದ ಮಾತೂ ಪ್ರಾಸದಲ್ಲೇ ಇರುತ್ತದೆ. ಇಪ್ಪತ್ತರ ಹುಡುಗರಿಗೆ ಅದು ಮೊದಲ ಹತ್ತು ನಿಮಿಷ ತಮಾಷೆಯಾಗಿ ಕೇಳುತ್ತದೆ. ನಟ ಆ ನಗುವಿಗೆ ಹೆದರಿ ಮಾತನ್ನು ದಿನಬಳಕೆಯ ಧಾಟಿಗೆ ಇಳಿಸಿದರೆ ಕೆಟ್ಟಿತು. ಅಲ್ಲಿಂದ ಮುಂದೆ ಹಾಡಿಗೆ ಏರುವ ಮೆಟ್ಟಿಲೇ ಇರುವುದಿಲ್ಲ. ಪ್ರಾಸದ ಮಾತು ಹಾಡಿನ ಅರ್ಧದಾರಿ. ಅದನ್ನು ಪೂರ್ತಿ ನಂಬಿ ಆಡಿದರೆ ಹದಿನೈದನೇ ನಿಮಿಷಕ್ಕೆ ನಗು ತಾನಾಗಿ ನಿಲ್ಲುತ್ತದೆ. ಮತ್ತೊಂದು ಬಗೆಯ ನಗು, ಅಥವಾ ನಗುವಿನ ಅಭಾವ, ಹಳೆಯ ಹಾಸ್ಯದ್ದು. ಹೆಂಡತಿಗೆ ಹೊಡೆಯುವ, ಮೈಬಣ್ಣ ಆಡಿಕೊಳ್ಳುವ ಪ್ರಸಂಗಗಳು ಒಂದು ಕಾಲಕ್ಕೆ ಶಿಳ್ಳೆ ಗಿಟ್ಟಿಸಿದ್ದವು. ಈಗ ಅಲ್ಲಿ ಸಭಾಂಗಣ ತಣ್ಣಗಾಗುತ್ತದೆ. ಆ ತಣ್ಣಗಾಗುವಿಕೆಗೆ ತಲೆಬಾಗಿ ಕತ್ತರಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಮೂಲದ ಗೌರವ ಅನ್ನುವ ಹೆಸರಿನಲ್ಲಿ ಅದನ್ನು ಉಳಿಸಿಕೊಳ್ಳುವುದು ಮೂಲಕ್ಕೂ ಒಳ್ಳೆಯದಲ್ಲ.

ಉದ್ದವಾಯಿತು ಅನ್ನುವ ದೂರನ್ನು ಎಲ್ಲರೂ ಹೇಳುತ್ತಾರೆ, ಅದು ಸಾಮಾನ್ಯವಾಗಿ ನಿಜವಾದ ದೂರಲ್ಲ. 2010ರಲ್ಲಿ ಸಿ. ಬಸವಲಿಂಗಯ್ಯನವರು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಹಾಡುಗಳೊಂದಿಗೆ ರಂಗಾಯಣದ ಆವರಣದಲ್ಲಿ ಆಡಿಸಿದಾಗ ಅದು ಒಂಬತ್ತು ಗಂಟೆಯ ನಾಟಕ. ನಾಲ್ಕು ವೇದಿಕೆಗಳ ನಡುವೆ ಜನ ರಾತ್ರಿಯಿಡೀ ನಡೆದು ನೋಡಿದರು. ಎರಡು ಗಂಟೆಯ ನಾಟಕ ಉದ್ದವಾಯಿತು ಅಂದರೆ ಮೊದಲ ಇಪ್ಪತ್ತು ನಿಮಿಷದಲ್ಲಿ ಕಥೆ ಯಾರದ್ದು ಅಂತ ಗೊತ್ತಾಗಲಿಲ್ಲ ಅಂತ ಓದಿಕೊಳ್ಳುವುದು ವಾಸಿ.

ಎಲ್ಲಕ್ಕಿಂತ ಹೆಚ್ಚು ಸಲ ಬರುವ, ಎಲ್ಲಕ್ಕಿಂತ ಕಡಿಮೆ ಗಮನ ಸಿಗುವ ದೂರು ಒಂದಿದೆ: "ಸಾಹಿತ್ಯ ಕೇಳಿಸಲಿಲ್ಲ." ಹಿಂದೆ ಹಾರ್ಮೋನಿಯಂ, ತಬಲಾ ಇಷ್ಟೇ ಇದ್ದವು, ಮೇಷ್ಟ್ರು ನಟನ ಬಾಯಿ ನೋಡಿಕೊಂಡು ನುಡಿಸುತ್ತಿದ್ದರು. ಪದ ಬಂದಾಗ ತಗ್ಗಿಸಿ, ಉಸಿರಿಗೆ ನಿಂತಾಗ ತುಂಬುತ್ತಿದ್ದರು. ಈಗ ಕೀಬೋರ್ಡು, ರಿದಂ ಪ್ಯಾಡು ಸೇರಿಕೊಂಡಿವೆ, ಧ್ವನಿಯ ಯಂತ್ರ ಸಭಾಂಗಣದ ಹಿಂದೆ ಇನ್ಯಾರ ಕೈಯಲ್ಲೋ ಇರುತ್ತದೆ. ಕನ್ನಡದ ಒತ್ತಕ್ಷರಗಳು ಮೊದಲು ಮುಳುಗುತ್ತವೆ. "ಹತ್ತಿ" ಅನ್ನುವುದು "ಹತಿ" ಆಗುತ್ತದೆ, "ಕಣ್ಣ" ಅನ್ನುವುದು "ಕಣ" ಆಗುತ್ತದೆ. ಹಾಡು ಗೊತ್ತಿದ್ದ ಹಿರಿಯರು ನೆನಪಿನಿಂದ ತುಂಬಿಕೊಳ್ಳುತ್ತಾರೆ. ಗೊತ್ತಿಲ್ಲದ ಹುಡುಗರಿಗೆ ಮಧುರವಾದ ಒಂದು ಗದ್ದಲ ಕೇಳುತ್ತದೆ, "ಚೆನ್ನಾಗಿತ್ತು, ಆದ್ರೆ ಏನೋ ಹಿಡಿಸಲಿಲ್ಲ" ಅಂತ ಹೇಳಿ ಹೋಗುತ್ತಾರೆ. ಅವರ ಆ "ಏನೋ" ಎಷ್ಟೋ ಸಲ ಇದೇ.

ನಮ್ಮ ನಾಲ್ಕನೇ ಸಂಜೆಗೆ ಕೀಬೋರ್ಡನ್ನು ನಾಯಕಿಯ ಹಾಡುಗಳಿಂದ ತೆಗೆದೆವು. ಹಾಸ್ಯದ ಒಂದು ಪ್ರಸಂಗ ಹೋಯಿತು. ಹುಡುಗಿ ತಾನಾಗಿಯೇ ಮೇಷ್ಟ್ರ ಹತ್ತಿರ ಬಂದು, "ಸರ್, ಅರ್ಧ ಮನೆ ಏರಿಸಿ ನೋಡೋಣ" ಅಂದಳು. ನಾಲ್ಕೂವರೆಯಲ್ಲಿ ಹಾಡಿದಳು. ಮೇಲಿನ ಷಡ್ಜಕ್ಕೆ ಹೋಗುವಾಗ ಅವಳ ಕುತ್ತಿಗೆಯ ನರ ಎದ್ದದ್ದು ನನಗೆ ಕಂಡಿತು. ಸಭಾಂಗಣ ಉಸಿರು ಹಿಡಿಯಿತು, ಅವಳು ಮುಟ್ಟಿದಳು. ಕೋಲಿನ ಹಿರಿಯರು ಮತ್ತೆ ಬಂದಿದ್ದರು, ಈ ಸಲ ಐದನೇ ಸಾಲಿನಲ್ಲಿ ಮೊಮ್ಮಗನ ಜೊತೆ. ನಾಟಕ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಧಾನವಾಗಿ ಬಂದು, ಹಾರ್ಮೋನಿಯಂ ಪೆಟ್ಟಿಗೆ ಮುಚ್ಚುತ್ತಿದ್ದ ಮೇಷ್ಟ್ರಿಗೆ, "ಇನ್ನರ್ಧ ಮನೆ ಏರಿಸಿ ಮೇಷ್ಟ್ರೇ, ಆ ಮಗೂಗೆ ಆಗ್ತದೆ" ಅಂದರು. ಮೇಷ್ಟ್ರು ಪೆಟ್ಟಿಗೆಯನ್ನು ಮತ್ತೆ ತೆರೆದು ಐದರ ಮನೆ ಒತ್ತಿ ಹಿಡಿದರು. ಹಿರಿಯರು ಮೊದಲ ಸಾಲು ಹಾಡಿ ತೋರಿಸಿದರು.